ಪಟ್ಟಿ ಮಾಮ ಬೈಕ್ ಕಲಿತದ್ದು

ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮುರಿದ ಕೈಕಾಲಿಗೆ ಪಟ್ಟಿ ಸುತ್ತಿದವನಿಗೆ ಜನ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಪಟ್ಟಿ ಮಾಮ ಎಂದೇ ಕರೆದರು. ಬಿಳಿ ಪಟ್ಟಿಯ ಸುರುಳಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆ ನಿಲ್ಲುವವರೆಗೆ ಕಾದು, ಮೆಲ್ಲಗೆ ಹಿಂಡಿ, ಹತ್ತಿಯ ಮೇಲೆ ಒಂದೇ ಒಂದು ಸುಕ್ಕಿಲ್ಲದಂತೆ ಸುತ್ತುವುದರಲ್ಲಿ ಅವನನ್ನು ಮೀರಿಸುವವರು ಆಸ್ಪತ್ರೆಯಲ್ಲಿ ಇರಲಿಲ್ಲ. ಕೈ ಕೆಲಸ ಮಾಡುವಾಗ ಬಾಯಿಯೂ ಸುಮ್ಮನಿರುತ್ತಿರಲಿಲ್ಲ. ಬೈಕಿನಿಂದ ಬಿದ್ದು ಬಂದವರಿಗಂತೂ ಪಟ್ಟಿಯ ಜೊತೆ ಉಪದೇಶ ಪುಕ್ಕಟೆ.

"ನಿಧಾನಕ್ಕೆ ಹೋಗಿದ್ರೆ ಇದೆಲ್ಲ ಆಗ್ತಿತ್ತಾ? ಯಾರು ಅಟ್ಟಿಸ್ಕೊಂಡು ಬಂದಿದ್ರು ನಿಮ್ಮನ್ನ?"

ರೋಗಿಯ ಕೈ ಅವನ ಕೈಯಲ್ಲಿರುತ್ತಿತ್ತು. ಎದ್ದು ಹೋಗುವಂತಿಲ್ಲ, ಎದುರಾಡುವಂತಿಲ್ಲ. ಎಲ್ಲರೂ ಹೂಂಗುಟ್ಟಿ ಕೇಳುತ್ತಿದ್ದರು. ಇಷ್ಟು ಹೇಳುತ್ತಿದ್ದವನು ಜೀವಮಾನದಲ್ಲಿ ಒಮ್ಮೆಯೂ ಬೈಕಿನ ಹ್ಯಾಂಡಲ್ ಮುಟ್ಟಿರಲಿಲ್ಲ. ಮನೆ ಮುಂದೆ ಬಸ್ಸು ಹತ್ತಿ ಆಸ್ಪತ್ರೆ ಮುಂದೆ ಇಳಿದರೆ ಅವನ ಪ್ರಯಾಣ ಮುಗಿಯುತ್ತಿತ್ತು.

ಅವನಿಗೆ ನಲವತ್ತೇಳು ತುಂಬಿದ ವರ್ಷ ಆ ಬಸ್ಸನ್ನೇ ನಿಲ್ಲಿಸಿಬಿಟ್ಟರು. ಈಗ ಎರಡು ಬಸ್ಸು ಬದಲಿಸಿ, ಮಧ್ಯೆ ಅರ್ಧ ಮೈಲಿ ನಡೆದು, ಬೆವರು ಸುರಿಸಿಕೊಂಡು ಕೆಲಸಕ್ಕೆ ಮುಟ್ಟುವಷ್ಟರಲ್ಲಿ ಬೆಂಚಿನ ಮೇಲಿದ್ದ ರೋಗಿಗಳು ಗಡಿಯಾರ ನೋಡುತ್ತಿದ್ದರು. ಹದಿನೈದು ದಿನ ಹೀಗೇ ಒದ್ದಾಡಿದ ಮೇಲೆ ತಂಗಿ ಮನೆಗೆ ಬಂದಳು. ಅವಳದು ಪಾರ್ಸೆಲ್ ಹಂಚುವ ಕೆಲಸ. ಹತ್ತೊಂಬತ್ತು ವರ್ಷದಿಂದ ದಿನವಿಡೀ ಬೈಕಿನ ಮೇಲೇ ಇದ್ದರೂ ಮೈಮೇಲೆ ಒಂದು ಗೀರು ಇಲ್ಲ.

"ಆಫೀಸಿನವರು ನಂಗೆ ಹೊಸ ಬೈಕ್ ಕೊಟ್ಟಿದ್ದಾರೆ ಅಣ್ಣ. ಹಳೇದು ಟಾರ್ಪಾಲು ಹೊದ್ಕೊಂಡು ಮಲಗಿದೆ. ನೀನು ಇಟ್ಕೋ, ನಾನೇ ಕಲಿಸ್ತೀನಿ."

"ನಂಗೇನು ಕಲಿಸ್ತೀಯ? ಬೈಕಿನ ಅಪಘಾತದ ವಿಷಯ ನನ್ನಷ್ಟು ಗೊತ್ತಿರೋರು ಯಾರಿದ್ದಾರೆ?"

"ನಿಂಗೆ ಮುರಿದಿದ್ದು ಗೊತ್ತು. ಬೀಳೋದು ಗೊತ್ತಿಲ್ಲ," ಎಂದಳು ತಂಗಿ.

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನ ಹೆಂಡತಿ ಉತ್ತರಪತ್ರಿಕೆಗಳಿಂದ ತಲೆ ಎತ್ತಿ, "ಅವಳು ಹೇಳೋದು ಸರಿ ಇದೆ ರೀ," ಎಂದು ಮತ್ತೆ ತಲೆ ತಗ್ಗಿಸಿದಳು. ಅಲ್ಲಿಗೆ ತೀರ್ಮಾನವಾಯಿತು.

ಮುಚ್ಚಿಹೋದ ನೂಲಿನ ಗಿರಣಿಯ ಅಂಗಳದಲ್ಲಿ ಆರು ಭಾನುವಾರ ಪಾಠ ನಡೆಯಿತು. ಮೊದಲ ದಿನವೇ ತಂಗಿ ಅವನ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದು, ಎರಡು ಬೆರಳು ತೂರಿಸಿ ನೋಡಿ, "ಬಿಗಿದಿಲ್ಲ ಅಂದ್ರೆ ಅದು ಹೆಲ್ಮೆಟ್ಟಲ್ಲ, ಬೋಗುಣಿ," ಎಂದಳು. ಅವನು ಕ್ಲಚ್ಚು ಬಿಟ್ಟಾಗೆಲ್ಲ ಬೈಕು ಕಪ್ಪೆಯ ಹಾಗೆ ನೆಗೆದು ನಿಂತಿತು. ಮೂರನೇ ವಾರಕ್ಕೆ ನೆಗೆಯುವುದು ನಿಂತಿತು, ಏಳನೇ ವಾರ ಪರೀಕ್ಷೆ ಪಾಸಾಗಿ ಲೈಸೆನ್ಸ್ ಕೈಗೆ ಬಂತು. ಆದರೆ ಬ್ರೇಕಿನ ಅಭ್ಯಾಸ ಇನ್ನೂ ಎರಡು ವಾರ ಮಾಡಬೇಕು ಎಂದ ತಂಗಿಯ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಧಾನಕ್ಕೆ ಹೋಗುವವನಿಗೆ ಬ್ರೇಕಿನ ಉಸಾಬರಿ ಯಾಕೆ ಎಂಬುದು ಅವನ ವಾದ.

ನಿಧಾನ ಎಂದರೆ ಎಂಥ ನಿಧಾನ. ಕೆಲಸಕ್ಕೆ ಬೈಕಿನಲ್ಲಿ ಹೊರಟ ಮೊದಲ ದಿನ ಸೈಕಲ್ಲಿನವರೆಲ್ಲ ಅವನನ್ನು ಹಿಂದೆ ಹಾಕಿ ಹೋದರು. ಕೊನೆಗೂ ಆಸ್ಪತ್ರೆಯ ಗೇಟು ಬಂತು. ಒಳಗಿನ ಬೆಂಚಿನ ಮೇಲೆ ನಾಲ್ವರು ಪಟ್ಟಿ ಕಟ್ಟಿಕೊಂಡೇ ಕೂತಿದ್ದರು. ನಾಲ್ವರೂ ಅವನ ಕೈಯಲ್ಲಿ ಉಪದೇಶ ಕೇಳಿಸಿಕೊಂಡವರು. ಪಟ್ಟಿ ಮಾಮ ಗತ್ತಿನಿಂದ ನಿಲ್ಲಿಸಿ ಎಡಗಾಲು ಕೆಳಗಿಟ್ಟ. ಅಲ್ಲಿ ನೆಲ ಇಳಿಜಾರು. ಕಾಲಿಗೆ ನೆಲ ಸಿಗಬೇಕಾದ ಕಡೆ ಸಿಗಲಿಲ್ಲ; ಸಿಗುವಷ್ಟರಲ್ಲಿ ಬೈಕು ವಾಲಿಯಾಗಿತ್ತು. ಎರಡು ಕೈಯಲ್ಲೂ ತಡೆದು ನೋಡಿದ, ಹಲ್ಲು ಕಚ್ಚಿ ನೋಡಿದ. ಬೈಕು ಯಾವ ಅವಸರವೂ ಇಲ್ಲದೆ, ಮುದ್ದಿನ ಎಮ್ಮೆ ಮಲಗುವ ಹಾಗೆ ಪಕ್ಕಕ್ಕೆ ಮಲಗಿತು. ಅವನೂ ಅದರ ಜೊತೆ ಮಲಗಿದ.

ಏನೂ ಮುರಿದಿರಲಿಲ್ಲ. ಬೆಂಚಿನ ಮೇಲೆ ಮೊದಲು ಯಾರೂ ನಗಲಿಲ್ಲ. ಕಾಲರ್ ಮೂಳೆ ಮುರಿದುಕೊಂಡಿದ್ದ ಲೆಕ್ಚರರು ಎದ್ದು ಬಂದು, ಪಟ್ಟಿಯಿಲ್ಲದ ಒಂದು ಕೈ ಚಾಚಿ, ಬಹಳ ವಿನಯದಿಂದ ಕೇಳಿದರು: "ಮಾಮ, ಜೋರಾಗಿ ಬರ್ತಿದ್ರಾ?"

ಆಮೇಲೆ ನಕ್ಕರು, ಆಸ್ಪತ್ರೆಗೆ ಆಸ್ಪತ್ರೆಯೇ.

ಎರಡನೆಯ ಸಲ ಬಿದ್ದದ್ದು ಅಷ್ಟು ಅಗ್ಗವಾಗಿ ಮುಗಿಯಲಿಲ್ಲ. ಹತ್ತು ದಿನದ ನಂತರ ಅವನಿಗೆ ಸ್ವಲ್ಪ ಧೈರ್ಯ ಬಂದಿತ್ತು, ವೇಗವೂ ಬಂದಿತ್ತು. ಹೊಸ ಕಟ್ಟಡ ಏಳುತ್ತಿದ್ದ ತಿರುವಿನಲ್ಲಿ ಲಾರಿಯಿಂದ ಸುರಿದ ಮರಳು ರಸ್ತೆಗೆ ಹರಡಿತ್ತು. ಎಡಕ್ಕೆ ತಿರುಗುತ್ತಿದ್ದವನ ಕಣ್ಣು ಆ ಮರಳಿನ ಮೇಲೇ ನೆಟ್ಟಿತು. ಕಣ್ಣು ಹೋದ ಕಡೆ ಬೈಕೂ ಹೋಯಿತು. ಗಾಬರಿಯಲ್ಲಿ ಬಲಗೈ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯಿತು. ಮುಂದಿನ ಚಕ್ರ ಜಾರಿತು. ಕೈ ಊರಬೇಡ, ಊರಿದರೆ ಮಣಿಕಟ್ಟು ಹೋಗುತ್ತದೆ ಎಂದು ಸಾವಿರ ಜನಕ್ಕೆ ಹೇಳಿದ್ದವನ ಎಡಗೈ ಅವನನ್ನು ಕೇಳದೆಯೇ ಮುಂದೆ ಹೋಗಿ ನೆಲಕ್ಕೆ ಊರಿತು.

ಬಿದ್ದಲ್ಲೇ ಕೂತು ಅವನು ಬಾಗಿದ ಮಣಿಕಟ್ಟು ನೋಡಿಕೊಂಡ. ಚಮಚ ಬೋರಲು ಹಾಕಿದ ಆಕಾರ. ಎಕ್ಸ್‌ರೇ ಬೇಕಿರಲಿಲ್ಲ. ಹೆಲ್ಮೆಟ್ ತೆಗೆದಾಗ ಗದ್ದದ ಭಾಗದಲ್ಲಿ ಬೆರಳುದ್ದದ ಆಳವಾದ ಗೀರು ಕಂಡಿತು. ಅಷ್ಟೇ ಉದ್ದದ ಗೀರು ತನ್ನ ಗದ್ದದ ಮೇಲೆ ಬಿದ್ದಿದ್ದರೆ ಎಂದುಕೊಂಡು, ತಂಗಿ ಬಿಗಿಯಲು ಕಲಿಸಿದ್ದ ಆ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿದ.

ಪಟ್ಟಿ ಹಾಕಬೇಕಾದವನೇ ಪಟ್ಟಿ ಹಾಕಿಸಿಕೊಳ್ಳಲು ಬಂದರೆ ಹಾಕುವವರು ಯಾರು? ಡಾಕ್ಟರಮ್ಮನೇ ಕೋಟಿನ ತೋಳು ಮಡಚಿದರು. ಮೂಳೆ ಸರಿಯಾಗಿ ಕೂರಿಸಿದರು, ಅದರಲ್ಲಿ ಎರಡು ಮಾತಿಲ್ಲ; ಆದರೆ ಪಟ್ಟಿ ಸುತ್ತಿ ಅವರಿಗೆ ಎಷ್ಟೋ ಕಾಲವಾಗಿತ್ತು.

"ನೀರು ಇನ್ನೂ ಹಿಂಡ್ಬೇಕು ಮೇಡಂ. ಅಲ್ಲಿ ಸುಕ್ಕು ಬಂತು. ಹೆಬ್ಬೆರಳಿನ ಹತ್ತಿರ ದಪ್ಪ ಆಯ್ತು."

"ನಿಮ್ಮ ಕೈ ನನ್ನ ಕೈಯಲ್ಲಿದೆ," ಎಂದರು ಡಾಕ್ಟರಮ್ಮ. "ಈಗ ಮಾತಾಡೋ ಸರದಿ ನಂದು. ಎಷ್ಟು ಜೋರಿತ್ತು?"

"ಜೋರಿರ್ಲಿಲ್ಲ ಮೇಡಂ, ಸತ್ಯವಾಗಿ."

"ಎಲ್ಲರೂ ಹಾಗೇ ಹೇಳ್ತಾರೆ ಅಂತ ನೀವೇ ಹೇಳ್ತಿದ್ರಿ."

ಎಲ್ಲರೂ ಹಾಗೆ ಹೇಳಿದ್ದು ನಿಜ. ಅದರಲ್ಲಿ ಎಷ್ಟೋ ಜನ ಇದ್ದದ್ದನ್ನೇ ಹೇಳಿದ್ದರೇನೋ ಎಂಬ ಅನುಮಾನ ಅವತ್ತು ಮೊದಲ ಸಲ ಬಂತು.

ಒಂದು ಕೈಯಲ್ಲಿ ಪಟ್ಟಿ ಸುತ್ತಲಾಗುವುದಿಲ್ಲ. ಬದಲಿ ನರ್ಸಮ್ಮ ಬಂದರು. ಮನೆಯಲ್ಲಿ ಕೂತಿರಲಾರದೆ ಪಟ್ಟಿ ಮಾಮ ಆರು ವಾರವೂ ಪ್ಲಾಸ್ಟರ್ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಹಾಜರು. ಕತ್ತರಿ ಎತ್ತಿಕೊಡುವುದು, ಚೀಟಿ ನೋಡುವುದು, ಇಷ್ಟೇ ಕೆಲಸ. ಉಪದೇಶ ಮಾಡಲು ಬಾಯಿ ಬರುತ್ತಿರಲಿಲ್ಲ. ತನ್ನ ಕೊರಳಿನಲ್ಲೇ ಕೈ ನೇತಾಡುತ್ತಿರುವಾಗ ಯಾವ ಮುಖ ಇಟ್ಟುಕೊಂಡು ಹೇಳುವುದು? ಹಾಗಾಗಿ ಬೇರೇನೂ ತೋಚದೆ ಕೇಳತೊಡಗಿದ: "ಹೇಗೆ ಬಿದ್ರಿ? ಮೊದಲಿಂದ ಹೇಳಿ."

ಜನ ಹೇಳಿದರು. ಬೈಯುವುದಿಲ್ಲ ಎಂದು ಗೊತ್ತಾದ ಮೇಲೆ ಚಿಕ್ಕದನ್ನೂ ಬಿಡದೆ ಹೇಳಿದರು. ಸೈಡ್ ಸ್ಟ್ಯಾಂಡ್ ಎತ್ತುವುದು ಮರೆತು ಹೊರಟ ಬೇಕರಿಯವನು ಮೊದಲ ತಿರುವಿನಲ್ಲೇ ಅದು ನೆಲಕ್ಕೆ ತಗುಲಿ ಬಿದ್ದಿದ್ದ. ಹೊಸದಾಗಿ ಮದುವೆಯಾದವಳೊಬ್ಬಳ ಸ್ಕಾರ್ಫಿನ ತುದಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು; ಗಂಡ ಗಾಡಿ ಓಡಿಸುತ್ತ ಹಾಡು ಹೇಳುತ್ತಿದ್ದನಂತೆ, ಅವಳು ಕೂಗಿದ್ದನ್ನು ತಾಳ ಅಂದುಕೊಂಡನಂತೆ. ಅಂಚೆಯವನೊಬ್ಬ ಮಳೆಯಲ್ಲಿ ರಸ್ತೆಯ ಬಿಳಿ ಗೆರೆಯ ಮೇಲೆ ಬ್ರೇಕ್ ಒತ್ತಿ ಜಾರಿದ್ದ. ಇಡೀ ರಸ್ತೆ ಖಾಲಿ ಇದ್ದರೂ, ಇದ್ದ ಒಂದೇ ಗುಂಡಿಯನ್ನು ದಿಟ್ಟಿಸಿ ನೋಡುತ್ತ ಅದರೊಳಗೇ ಇಳಿದವರು ಒಂದು ವಾರದಲ್ಲಿ ಮೂವರು ಬಂದರು. ಇನ್ನು ಲೆಕ್ಚರರು. ಪಟ್ಟಿ ಬಿಚ್ಚಿಸಿಕೊಳ್ಳಲು ಬಂದ ದಿನ, ದನಿ ತಗ್ಗಿಸಿ, ತಾನು ಬಿದ್ದಾಗ ಒಂದು ಕೈಯಲ್ಲಿ ಫೋನಿತ್ತು ಎಂದು ಒಪ್ಪಿಕೊಂಡರು. ಇಷ್ಟು ದಿನ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಜೋರಾಗಿ ಹೋಗಿ ಬಿದ್ದವರೂ ಇದ್ದರು, ಇಲ್ಲವೆಂದಲ್ಲ. ಅವರ ಮೂಳೆಗಳು ಒಂದು ಕಡೆ ಮುರಿಯುವ ಬದಲು ನಾಲ್ಕು ಕಡೆ ಮುರಿದಿರುತ್ತಿದ್ದವು. ಅದರ ಬಗ್ಗೆ ಮನೆಯಲ್ಲಿ ಹೆಂಡತಿಯನ್ನು ಕೇಳಿದಾಗ ಅವಳು ಪೆನ್ಸಿಲ್ ಎತ್ತಿಕೊಂಡಳು.

"ವೇಗ ಎರಡು ಪಟ್ಟು ಆದ್ರೆ ಬ್ರೇಕ್ ಹಾಕಿದ ಮೇಲೆ ನಿಲ್ಲೋಕೆ ಬೇಕಾದ ಜಾಗ ಎರಡು ಪಟ್ಟಲ್ಲ ರೀ, ನಾಲ್ಕು ಪಟ್ಟು. ಅದಕ್ಕೇ ಲೆಕ್ಕ ತಪ್ಪಿ ಬೀಳ್ತಾರೆ. ನನ್ನ ಕ್ಲಾಸಿನ ಮಕ್ಕಳು ಪರೀಕ್ಷೇಲೂ ಇದೇ ತಪ್ಪು ಮಾಡ್ತಾರೆ."

ಆರು ವಾರ ಕಳೆದು ಅವನ ಪಟ್ಟಿ ಬಿಚ್ಚಿದರು. ಇನ್ನೊಂದು ತಿಂಗಳು ಸ್ಪಂಜಿನ ಚೆಂಡು ಹಿಸುಕಿ ಹಿಸುಕಿ ಕೈಗೆ ಬಲ ತಂದುಕೊಂಡ. ಬೈಕು ಮಾತ್ರ ಮೂಲೆಯಲ್ಲೇ ಇತ್ತು. ಅದರ ಪಕ್ಕ ಹಾದುಹೋಗುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ಭಾನುವಾರ ತಂಗಿ ಬಂದು ಬೀಗದ ಕೈಯನ್ನು ಅವನ ಮುಂದೆ ಇಟ್ಟಳು.

"ಭಯ ಆಗುತ್ತೆ ಕಣೇ," ಎಂದ.

"ಆಗ್ಲಿ. ಭಯ ಇಲ್ದೋರಿಗೆ ನಾನು ಕಲಿಸಲ್ಲ. ಬಾ."

ಗಿರಣಿಯ ಅಂಗಳದಲ್ಲಿ ಅವತ್ತು ಅವಳು ಬೇರೇನೂ ಮಾಡಿಸಲಿಲ್ಲ. ನೇರವಾಗಿ ಬಂದು ನಿಲ್ಲಿಸು, ಮತ್ತೆ ಬಂದು ನಿಲ್ಲಿಸು. ಎರಡು ಬ್ರೇಕೂ ಒಟ್ಟಿಗೆ. ಮುಂದಿನದನ್ನು ಗಬಕ್ಕನೆ ಹಿಡಿಯಬಾರದು, ಹಿಂಡಬೇಕು.

"ನಿನ್ನ ಪ್ಲಾಸ್ಟರ್ ಪಟ್ಟಿ ಹೇಗೆ ಹಿಂಡ್ತೀಯ? ಒಂದೇ ಸಲಕ್ಕೆ ಅದುಮಿಬಿಡ್ತೀಯಾ?"

"ಛೆ, ಹಾಗೆ ಹಿಂಡಿದ್ರೆ ಪ್ಲಾಸ್ಟರ್ ಪುಡಿಯೆಲ್ಲ ಹೊರಗೆ ಬರುತ್ತೆ. ಮೊದಲು ಮೆಲ್ಲಗೆ, ಆಮೇಲೆ ಬಿಗಿ."

"ಅದೇ. ಕೈಗೆ ಗೊತ್ತಿದೆ ನಿಂಗೆ. ತಿರುವು ಬರೋ ಮುಂಚೆ ವೇಗ ಇಳಿಸು, ತಿರುವಿನಲ್ಲಿ ಬ್ರೇಕಿನ ತಂಟೆಗೆ ಹೋಗ್ಬೇಡ. ಹೋಗ್ಬೇಕಾದ ಕಡೆ ನೋಡು, ಬೀಳೋ ಕಡೆ ನೋಡ್ಬೇಡ."

ಅರವತ್ತು ಸಲ ನಿಲ್ಲಿಸಿದ. ಮೂವತ್ತರ ಹೊತ್ತಿಗೆ ಬೇಸರ ಬಂತು, ನಲವತ್ತರ ಹೊತ್ತಿಗೆ ಸಿಟ್ಟು ಬಂತು. ಐವತ್ತಾದ ಮೇಲೆ ಕೈ ತಾನಾಗಿಯೇ ಮಾಡತೊಡಗಿತು, ಅವನು ಹಕ್ಕಿ ನೋಡುತ್ತಲೇ ಬೈಕು ನಿಲ್ಲಿಸಿದ. ತಂಗಿ ಅದಕ್ಕೂ ಬೈದಳು.

ಮುಂದಿನ ತಿಂಗಳ ಒಂದು ಬೆಳಿಗ್ಗೆ, ಔಷಧಿ ಅಂಗಡಿಗಳ ಬೀದಿಯಲ್ಲಿ ಅವನು ನಿಂತ ಕಾರುಗಳ ಸಾಲಿನ ಪಕ್ಕ ಹೋಗುತ್ತಿದ್ದ. ಬಾಗಿಲಿನ ಅಗಲದಷ್ಟು ಜಾಗ ಬಿಟ್ಟೇ ಹೋಗುತ್ತಿದ್ದ. ಅದು ಸ್ಟೂಲಿನ ಮೇಲೆ ಕೂತು, ಕಾರಿನ ಬಾಗಿಲಿಗೆ ಗುದ್ದಿ ಬಂದವರ ಬಾಯಿಂದ ಕಲಿತದ್ದು. ಮುಂದಿನ ಕಾರಿನೊಳಗೆ ಒಂದು ತಲೆ ಅಲ್ಲಾಡಿದ್ದು ಕಂಡಿತು. ಬೆರಳುಗಳು ಆಗಲೇ ಬ್ರೇಕಿನ ಮೇಲಿದ್ದವು. ಬಾಗಿಲು ರಪ್ಪನೆ ತೆರೆಯಿತು, ಅದರ ಹಿಂದೆಯೇ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಸೀದಾ ರಸ್ತೆಗೆ ಕಾಲಿಟ್ಟರು. ಬಿಟ್ಟ ಜಾಗವೂ ತುಂಬಿಹೋಯಿತು. ಮೊದಲು ಮೆಲ್ಲಗೆ, ಆಮೇಲೆ ಬಿಗಿ. ಬೈಕು ನೇರವಾಗಿ, ಅಲುಗದೆ, ಅಜ್ಜಿಯ ಕೈಚೀಲದಿಂದ ಒಂದು ಮೊಳ ದೂರದಲ್ಲಿ ನಿಂತಿತು. ಎಡಗಾಲು ನೆಲಕ್ಕೆ ಗಟ್ಟಿಯಾಗಿ ಸಿಕ್ಕಿತು.

ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಸ್ವಲ್ಪ ನಿಧಾನಕ್ಕೆ ಹೋಗೋಕೆ ಏನಪ್ಪ ನಿಂಗೆ? ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?"

ಪಟ್ಟಿ ಮಾಮನಿಗೆ ನಗು ತಡೆಯಲಾಗಲಿಲ್ಲ. ಹೆಲ್ಮೆಟ್ಟಿನೊಳಗೆ ನಗುತ್ತಲೇ, "ತಪ್ಪಾಯ್ತಮ್ಮ. ಆದ್ರೆ ಬಾಗಿಲು ತೆಗೆಯೋ ಮುಂಚೆ ಒಂದ್ಸಲ ಹಿಂದೆ ನೋಡಿ," ಎಂದ. ಇಳಿದು ಅವರ ಕೈ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿಸಿದ.

ಈಗ ಗಿರಣಿಯ ಅಂಗಳದಲ್ಲಿ ಶನಿವಾರ ಸಂಜೆ ಏಳೆಂಟು ಬೈಕುಗಳು ಸೇರುತ್ತವೆ. ಪಟ್ಟಿ ಬಿಚ್ಚಿಸಿಕೊಂಡು ಕೈಕಾಲಿಗೆ ಬಲ ಬಂದವರು, ಮತ್ತೆ ಹತ್ತಲು ಅಂಜುವವರು. ತಂಗಿ ಸೀಟಿ ಊದುತ್ತಾಳೆ, ಬೈಯುತ್ತಾಳೆ, ನಿಲ್ಲಿಸುತ್ತಾಳೆ. ಲೆಕ್ಚರರು ಅಂಗಳಕ್ಕೆ ಬಂದ ಕೂಡಲೇ ಫೋನನ್ನು ಆರಿಸಿ ಹೆಂಡತಿಯ ಕೈಗೆ ಕೊಡುತ್ತಾರೆ. ಆಕೆ ಅದನ್ನು ಕೈಚೀಲದ ತಳಕ್ಕೆ ಹಾಕಿ, ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಕೂರುತ್ತಾರೆ. ಹೋದ ವಾರ ಡಾಕ್ಟರಮ್ಮ ಹೊಸ ಸ್ಕೂಟರ್ ತಂದು, ಅಂಗಳದ ನಟ್ಟನಡುವೆ, ನಿಂತಲ್ಲೇ, ಪಕ್ಕಕ್ಕೆ ಮಲಗಿಸಿದರು. ಪಟ್ಟಿ ಮಾಮ ಓಡಿಹೋಗಿ ಎತ್ತಲು ಕೈ ಕೊಟ್ಟ.

"ಏನೂ ಕೇಳ್ಬೇಡಿ," ಎಂದರು ಡಾಕ್ಟರಮ್ಮ, ಮಂಡಿಯ ಧೂಳು ಕೊಡವಿಕೊಳ್ಳುತ್ತ.

"ಕೇಳಲ್ಲ ಮೇಡಂ. ಕೂತ್ಕೊಳ್ಳಿ, ಇನ್ನೊಂದ್ಸಲ ಹೋಗೋಣ."