ಎರಡನೇ ಚರಣ

ಗೇಟು ದಾಟುವುದೋ ಬೇಡವೋ ಎಂಬುದನ್ನು ಟೆರೆನ್ಸ್ ಆಕ್ರಾಯ್ಡ್ ಬಸ್ಸಿನಲ್ಲಿ ಮೂರು ಸಲ ತೀರ್ಮಾನಿಸಿದ್ದ. ಒಂದೊಂದು ಸಲ ಒಂದೊಂದು ಬಗೆ. ಇಳಿದು ನೋಡಿದರೆ ಗೇಟಿನ ಮುಂದೆ ಅವನದೇ ಹಾಡು ಮೊಳಗುತ್ತಿತ್ತು.

ವಿಶ್ವವಿದ್ಯಾಲಯದ ನೌಕರರ ಮುಷ್ಕರಕ್ಕೆ ಅಂದು ಮೂರನೆಯ ದಿನ. ಯಾರ್ಕ್‌ಷೈರ್‌ನ ಆ ಊರಿನಲ್ಲಿ ಮುಷ್ಕರದ ಸಾಲು ದಾಟಿ ಒಳಗೆ ಹೋದವನನ್ನು ಸತ್ತ ಮೇಲೂ ಕ್ಷಮಿಸುವುದಿಲ್ಲ. ಎಂಬತ್ತನಾಲ್ಕರ ಗಣಿ ಕಾರ್ಮಿಕರ ಮುಷ್ಕರದಲ್ಲಿ ಕದ್ದು ಗಣಿಗಿಳಿದವನೊಬ್ಬನ ಹೆಣ ಹೊರಲು ಒಡಹುಟ್ಟಿದವರೂ ಬರಲಿಲ್ಲ. ಅಂಥವನನ್ನು ಉಗಿದು ಟೆರೆನ್ಸ್ ಕಟ್ಟಿದ ಪಾಪ್ ಹಾಡನ್ನು ರೇಡಿಯೊದವರು ಹಾಕಲಿಲ್ಲ. ಅದರಿಂದಲೇ ಅದು ಮನೆಮಾತಾಯಿತು. ಆ ಒಂದು ಹಾಡಿನ ಮೇಲೆ ಅವನು ಪ್ರಬಂಧ ಬರೆದ, ಡಾಕ್ಟರ್ ಆದ, ಈಗ ಪ್ರೊಫೆಸರ್ ಆಗುವುದರಲ್ಲಿದ್ದ. ಹನ್ನೊಂದಕ್ಕೆ ಪೀಠ ಸ್ವೀಕಾರದ ಉಪನ್ಯಾಸ. ವಿಷಯ, ಪಾಪ್ ಸಂಗೀತ ಮತ್ತು ಪ್ರತಿಭಟನೆ. ಇವತ್ತು ತಪ್ಪಿದರೆ ಪೀಠ ಲಂಡನ್ನಿನಿಂದ ಅರ್ಜಿ ಹಾಕಿದ ಇನ್ನೊಬ್ಬನಿಗೆ ಎಂದು ಡೀನ್ ನಗುನಗುತ್ತಲೇ ತಿಳಿಸಿದ್ದ.

"ಬಂದ್ಯಾ!" ಎಂದಳು ಮೊರೀನ್. ಒಂದು ಕಾಲಕ್ಕೆ ಅವನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವಳು, ಈಗ ಇಲ್ಲಿನ ಗ್ರಂಥಾಲಯದಲ್ಲಿ ಕೆಲಸ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು.

"ಬ್ಯಾಗಲ್ಲಿ ಏನೋ ಅದು, ಅಷ್ಟು ದಪ್ಪ?"

"ಏನೋ, ಹಳೇ ಕಾಗದ."

"ಟೈ ಬೇರೆ ಕಟ್ಕೊಂಡಿದೀಯ. ಯಾರ್ ಹೋಗ್ಬಿಟ್ರು, ಮಣ್ಣಿಗೆ ಹೊರಟಿದೀಯಾ?"

"ಯಾರೂ ಇಲ್ಲ. ಸುಮ್ನೆ ಕಟ್ಕೊಂಡೆ."

"ಒಳಗೆ ಹೋಗಲ್ಲ ತಾನೇ?"

"ಛೆ, ಏನ್ ಮಾತೂಂತ ಆಡ್ತೀಯ."

ಅವಳು ನಂಬಿದಳು. ಅಥವಾ ನಂಬಿದಂತೆ ನಟಿಸಿದಳೋ. ಯಾವುದೆಂದು ಅವನಿಗೆ ತಿಳಿಯಲಿಲ್ಲ.

"ಈ ಹುಡುಗ್ರಿಗೆ ಎರಡನೇ ಚರಣ ಬರಲ್ಲ ಕಣೋ. ನೀನೇ ಹೇಳ್ಕೊಡು."

ಎರಡನೇ ಚರಣವೆಂದರೆ ಹಿಂಬಾಗಿಲಿನಿಂದ ನುಸುಳುವವನದು. ಟೆರೆನ್ಸ್ ಹಾಡಿದ. ಇಪ್ಪತ್ತು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಕಣ್ಣಲ್ಲಿ ನೀರೂ ಬಂತು. ನಾಟಕದ ನೀರಲ್ಲ, ಅದೇ ಅವನಿಗೆ ಅಸಹ್ಯವಾಯಿತು. ವಿದ್ಯಾರ್ಥಿಗಳು ಶಿಳ್ಳೆ ಹಾಕಿದರು. ಒಬ್ಬಳು ಅವನ ಕೋಟಿಗೆ ನೌಕರರ ಸಂಘದ ಬಿಲ್ಲೆ ಚುಚ್ಚಿದಳು.

"ಟಾಯ್ಲೆಟ್ಟಿಗೆ ಹೋಗಿ ಬಂದೆ," ಎಂದು ರಸ್ತೆ ದಾಟಿದ. ಕಟ್ಟಡವನ್ನು ಸುತ್ತು ಹಾಕಿ, ಕಸದ ಲಾರಿ ಬರುವ ಗೇಟಿನಿಂದ ಒಳಹೊಕ್ಕ. ಯಾರೂ ತಡೆಯಲಿಲ್ಲ. ಯಾರಾದರೂ ತಡೆಯಬಹುದಿತ್ತು ಎನಿಸಿತು.

ಸಭಾಂಗಣದಲ್ಲಿ ಮುನ್ನೂರು ಕುರ್ಚಿಗಳೂ ಖಾಲಿ. ಡೀನ್ ಇದ್ದ, ಕ್ಯಾಮೆರಾದವನಿದ್ದ.

"ಜನ ಬೇಕಾಗಿಲ್ಲ ಪ್ರೊಫೆಸರ್, ರೆಕಾರ್ಡ್ ಆದ್ರೆ ಸಾಕು," ಎಂದ ಡೀನ್. ಟೆರೆನ್ಸ್ ಅವಸರದಿಂದ ಬಿಲ್ಲೆ ಕೀಳಹೋದ. "ಅಯ್ಯೋ, ಇರ್ಲಿ ಬಿಡಿ. ವಿಷಯಕ್ಕೆ ಚೆನ್ನಾಗ್ ಒಪ್ಪುತ್ತೆ."

ಕ್ಯಾಮೆರಾದವನು ಕಿವಿಯ ಮೇಲಿನ ಹೆಡ್‌ಫೋನ್ ಎತ್ತಿ ಹುಬ್ಬು ಗಂಟಿಕ್ಕಿದ. "ಹೊರಗಡೆ ಗಲಾಟೆ ಸಾರ್. ಮೈಕಿಗೆ ಬರ್ತಿದೆ. ಕಿಟಕಿ ಹಾಕ್ಲಾ?"

ಹೊರಗೆ ಎರಡನೇ ಚರಣ ನಡೆದಿತ್ತು. ಹುಡುಗರು ಒಂದು ಪದವೂ ತಪ್ಪದೆ ಹಾಡುತ್ತಿದ್ದರು. ಮೇಷ್ಟರ ಹೆಮ್ಮೆ ಅವನಲ್ಲಿ ಒಂದು ಗಳಿಗೆ ತಲೆಯೆತ್ತಿತು.

"ಹಾಕಿ," ಎಂದ.

ಗಾಜಿನಾಚೆ, ಕೆಳಗೆ ಗೇಟಿನ ಬಳಿ, ಬಾಯಿಗಳು ತೆರೆದು ಮುಚ್ಚುತ್ತಿದ್ದವು, ಸದ್ದಿಲ್ಲ. ಮೊರೀನ್ ಒಬ್ಬಳು ಹಾಡುತ್ತಿರಲಿಲ್ಲ. ತಲೆಯೆತ್ತಿ ಕಿಟಕಿಯನ್ನೇ ನೋಡುತ್ತಿದ್ದಳು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಟೆರೆನ್ಸ್ ಖಾಲಿ ಕುರ್ಚಿಗಳ ಕಡೆ ತಿರುಗಿ ಬಾಯಿ ತೆರೆದ.