ಮುಂದಿನ ಆಕ್ಸಲ್‌ನ ಹಲ್ಲು

ಪಿಕಪ್‌ನ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡಲು ಮೂರು ವಾರ ಬೆವರು ಸುರಿಸಿದ್ದ ಮೆಕ್ಯಾನಿಕ್ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಟಾರು ರಸ್ತೆಯಲ್ಲಿ ನೂರು ಮಾರು ಹೋಗುವಷ್ಟರಲ್ಲಿ ಗೇರ್‌ಬಾಕ್ಸ್ ಒಡೆದಿತ್ತು.

“ಹಿಂದಿನ ಗೇರಿಗೆ ಎಷ್ಟು ಹಲ್ಲೋ ಮುಂದಿನದಕ್ಕೂ ಅಷ್ಟೇ ಇರಬೇಕು ಅಂತ ಬಡ್ಕೊಂಡಿದ್ದೆ! ಗುಜರಿಯಲ್ಲಿ ಕಣ್ಣು ಮುಚ್ಕೊಂಡು ಆಕ್ಸಲ್ ಆರಿಸಿದ್ಯೇನೋ?”

ಗುಜರಿಗೆ ಹೋಗಿ ಬಂದಿದ್ದ ತಮ್ಮ ಸ್ಪ್ಯಾನರ್ ತಂದು ಅವಳ ಕೈಗಿಟ್ಟ.

ಬೈಯುತ್ತಲೇ ಎರಡೂ ಆಕ್ಸಲ್‌ಗಳ ಗೇರು ಬಿಚ್ಚಿ ಹಲ್ಲು ಎಣಿಸಿದಳು. ಮುಂದೆ ನಲವತ್ತೊಂದು, ಹಿಂದೆ ನಲವತ್ತಮೂರು.

ತಮ್ಮನು ಜೇಬಿನಿಂದ ಎಣ್ಣೆ ಮೆತ್ತಿದ ಚೀಟಿ ತೆಗೆದು ಅವಳ ಮುಂದೆ ಹಿಡಿದ. ‘ನಲವತ್ತೊಂದು ಹಲ್ಲಿನದೇ ತಾ’ ಎಂದಿತ್ತು. ಹಿಂದಿನ ಗೇರು ಬಿಚ್ಚಿ ನೋಡದೆ ಅವಳೇ ಗೀಚಿ ಕೊಟ್ಟಿದ್ದು.

“ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತೋ ನಿಂಗೆ?” ಎಂದು ಅಬ್ಬರಿಸಿದಳು.

“ನೀನು ಬೈದು ಮುಗಿಸ್ಲಿ ಅಂತ ಕಾಯ್ತಿದ್ದೆ ಅಕ್ಕಾ. ಮೂವತ್ತು ವರ್ಷ ಆಯ್ತು.”