ಕಾಲುವೆ ದಂಡೆಯ ದಾರಿ

ಹಬ್ಬ ಬಂತೆಂದರೆ ದೇಶನೂರಿನ ಮಾರೇಶ ಸಿರುಗುಪ್ಪ ಠಾಣೆಯ ಅಂಗಳದಲ್ಲಿ ಸಾಲಿಗೆ ನಿಲ್ಲಬೇಕು. ಚುನಾವಣೆ ಬಂದರೂ ಅಷ್ಟೇ. ಹನ್ನೊಂದು ವರ್ಷದಿಂದ ರೌಡಿ ಪಟ್ಟಿಯಲ್ಲಿ ಅವನ ಹೆಸರಿದೆ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಹೆಸರು ಕೂಗುವ ಮೊದಲೇ ಕೈ ತಾನಾಗಿ ಮೇಲೇಳುತ್ತದೆ. ಮಗಳು ಜಯಶ್ರೀಯ ಶಾಲೆಯಲ್ಲಿ ಪಾಲಕರ ಹೆಸರು ಕರೆದಾಗಲೂ ಎದ್ದು, ಕೈಕಟ್ಟಿಕೊಂಡು, ಗೋಡೆಗೆ ಹೋಗಿ ನಿಂತಿದ್ದ.

ಮಾಡಿದ್ದು ಇಷ್ಟೇ. ಅವರ ಕೇರಿಯ ಹೆಣಗಳು ಕಾಲುವೆ ದಂಡೆ ಹಿಡಿದೇ ಸುಡುಗಾಡಿಗೆ ಹೋಗಬೇಕು. ಅಪ್ಪ ಎರ್ರೆಪ್ಪ ಸತ್ತ ದಿನ ದಂಡೆ ಒಡೆದು ಎದೆಮಟ್ಟ ನೀರು. ಮಾರೇಶ ಹೆಣವನ್ನು ಊರ ನಡುಬೀದಿಯಲ್ಲಿ ಹೊತ್ತು ನಡೆದ. ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಪೊಲೀಸರು ಶಾಂತಿಭಂಗ ಎಂದು ಬರೆದುಕೊಂಡರು. ಮರುವರ್ಷ ಅದೇ ಬೀದಿಯಲ್ಲಿ ಚನ್ನಬಸವರಾಜ ಗೌಡರ ಅಪ್ಪನ ಹೆಣ ಬ್ಯಾಂಡು ಬಾರಿಸಿಕೊಂಡು ಹೋಯಿತು. ಮೂರು ತಾಸು ಬಸ್ಸುಗಳು ನಿಂತವು. ಪೊಲೀಸರೇ ದಾರಿ ಬಿಡಿಸಿದರು.

ಈಗ ಜಯಶ್ರೀ ಬಳ್ಳಾರಿಯಲ್ಲಿ ಓಡಿ, ಜಿಗಿದು, ಕಾನ್ಸ್‌ಟೇಬಲ್ ಹುದ್ದೆಗೆ ಆಯ್ಕೆಯಾಗಿದ್ದಾಳೆ. ಬರುವ ವಾರ ಮನೆತನದ ವಿಚಾರಣೆ. ಅಪ್ಪ ಪಟ್ಟಿಯಲ್ಲೇ ಉಳಿದರೆ ನೌಕರಿ ಕೈತಪ್ಪೀತು.

"ಹೆಸರು ತೆಗೀಬೇಕಂದ್ರ, ಇವನ ನಡತಿ ಸುಧಾರಿಸೈತಿ ಅಂತ ಊರ ಹಿರೇರು ಬರದು ಕೊಡಬೇಕಲೇ," ಎಂದ ಠಾಣೆಯ ದಫೇದಾರ.

ಊರ ಹಿರಿಯರೆಂದರೆ ಗೌಡರೇ. ಅವರು ಕಟ್ಟೆಯ ಮೇಲೆ ಕೂತಿದ್ದರು. ಮಾರೇಶ ಅಂಗಳದಲ್ಲಿ ನಿಂತ.

"ಮಗಳು ಪೊಲೀಸ್ ಆಗ್ತಾಳಂತ! ನಾಳಿ ನಮಗ ಲಾಠಿ ತೋರಿಸ್ತಾಳೇನಲೇ?" ಗೌಡರು ನಕ್ಕರು. ಪೆನ್ನಿನ ಮುಚ್ಚಳ ತೆಗೆದವರು ತಡೆದರು. "ನಿಮ್ಮವ್ವಗ ಆರಾಮಿಲ್ಲಂತಲ್ಲ. ಏನರ ಆತಂದ್ರ, ಯಾವ ದಾರಿ?"

ಮಾರೇಶ ಬೀದಿ ನೋಡಿದ. ಹೋದ ವರ್ಷ ಕಾಂಕ್ರೀಟು ಹಾಕಿದ್ದರು. ಬುಟ್ಟಿ ಹೊತ್ತವರಲ್ಲಿ ಅವನೂ ಒಬ್ಬ.

"ಕಾಲುವಿ ದಾರಿರೀ."

ಸಹಿ ಬಿತ್ತು.

ಮನೆಯಲ್ಲಿ ಅವ್ವ ಊರಮ್ಮ ಹೊರಸಿನ ಮೇಲೆ ಮಲಗಿದ್ದಳು.

"ಏನಂದ್ರಲೇ?"

"ನಾ ಒಳ್ಳೇವ ಆದ್ನಂತ."

ಗೌಡರು ಕೇಳಿದ್ದನ್ನೂ ತಾನು ಒಪ್ಪಿ ಬಂದದ್ದನ್ನೂ ಹೇಳಿದ. ದನಿ ಏರಲಿಲ್ಲ, ಇಳಿಯಲಿಲ್ಲ. ಅವ್ವ ಸೂರು ನೋಡಿದಳು. ಕಾಲುವೆ ತುಂಬಿ ಹರಿಯುವ ಸದ್ದು ಒಳಗೂ ಕೇಳುತ್ತಿತ್ತು.

"ಈಗ ನೀರು ಬಿಟ್ಟಾರ. ದಂಡಿ ಮತ್ತ ಒಡದೈತಂತ," ಎಂದಳು. "ಬ್ಯಾಸಿಗಿ ತನಕ ತಡೀತೀನಿ ತಗಾ. ಆಗ ಕಾಲುವಿ ಒಣಗಿರತೈತಿ."

ಮಾರೇಶ ಗೋಡೆಯ ಕ್ಯಾಲೆಂಡರ್ ನೋಡಿದ. ಬೇಸಿಗೆಗೆ ಇನ್ನೂ ಏಳು ತಿಂಗಳಿತ್ತು.